ನೀರಿಗೆ ಬಂದವರ ಕಣ್ಣೇ ಮೊದಲ ಕಾವಲು

ಚಿತ್ರದುರ್ಗ ಜಿಲ್ಲೆಯ ಯಾವ ಸಭೆಯ ವರದಿ ಓದಿದರೂ ಅವೇ ಮಾತುಗಳು: ಅಧಿಕಾರಿಗಳು ನಿಗಾ ವಹಿಸಬೇಕು, ಕಾಮಗಾರಿಗಳ ಮೇಲ್ವಿಚಾರಣೆ ಆಗಬೇಕು, ಪ್ರಗತಿ ಪರಿಶೀಲನೆ ನಡೆಯಬೇಕು. ಉಸ್ತುವಾರಿಗೆಂದೇ ಒಬ್ಬ ಸಚಿವರಿದ್ದಾರೆ. ನೋಡಿಕೊಳ್ಳುವ ಕೆಲಸಕ್ಕೆ ನಮ್ಮಲ್ಲಿ ಪದಗಳ ಬರವಿಲ್ಲ. ಆ ಕೆಲಸಕ್ಕೆ ಯಾರು ಹೊಣೆ ಎಂಬುದು ಮಾತ್ರ ಅನಾಹುತವಾದ ಮೇಲೆ ಏಳುವ ಪ್ರಶ್ನೆಯಾಗಿದೆ.

ನಿಗಾ, ಗಸ್ತು, ಉಸ್ತುವಾರಿ ಇವು ಆಡಳಿತದ ಜೊತೆ ಪಾರಸಿಯಿಂದ ನಡೆದು ಬಂದು ಕನ್ನಡದವೇ ಆಗಿಹೋದ ಪದಗಳು. ನಿಗಾ ಎಂದರೆ ನೋಟ, ಗಸ್ತು ಎಂದರೆ ಸುತ್ತಾಟ. ನಮ್ಮ ಹಳೆಯ ‘ಕಾಯು’ ಇವೆರಡಕ್ಕಿಂತ ಹೆಚ್ಚಿನದನ್ನು ಬೇಡುತ್ತದೆ. ಬಸ್ಸಿಗೆ ಕಾಯುತ್ತೇವೆ, ಕುರಿ ಕಾಯುತ್ತೇವೆ, ದೇವರು ಕಾಯಲಿ ಅನ್ನುತ್ತೇವೆ. ಕಾದು ನಿಲ್ಲುವುದಕ್ಕೂ ಕಾಪಾಡುವುದಕ್ಕೂ ಒಂದೇ ಕ್ರಿಯಾಪದ. ಅಮೃತಮಹಲ್ ರಾಸುಗಳಿಗೆ ಮೀಸಲಿಟ್ಟ ಹುಲ್ಲಿನ ಬಯಲನ್ನು ಈ ಸೀಮೆಯವರು ‘ಕಾವಲು’ ಎಂದೇ ಕರೆದರು. ಜಾಗ ಬಿಟ್ಟು ಹೋದವನು ಕಾಯಲಾರ ಎಂಬ ತಿಳಿವಳಿಕೆ ಆ ಪದದೊಳಗೇ ಇದೆ.

ದುರ್ಗದ ಕೋಟೆಗೆ ಬುರುಜು, ಬತೇರಿಗಳಿಗೆ ಕೊರತೆಯಿರಲಿಲ್ಲ. ಆದರೂ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದುದನ್ನು ಕಂಡವಳು ನೇಮಕಗೊಂಡ ಕಾವಲಿನವಳಲ್ಲ. ಕಾವಲುಗಾರ ಊಟಕ್ಕೆ ಕೂತಿದ್ದ, ನೀರಿಗೆಂದು ಬಂದ ಅವನ ಹೆಂಡತಿ ಓಬವ್ವ ಕಂಡಳು, ಒನಕೆ ಹಿಡಿದು ನಿಂತಳು ಎಂದು ದುರ್ಗದ ಜನ ತಲೆಮಾರುಗಳಿಂದ ಹೇಳುತ್ತಿದ್ದಾರೆ. ನಾವು ಅದನ್ನು ಶೌರ್ಯದ ಕಥೆಯಾಗಿ ಮಾತ್ರ ಕೇಳಿದೆವು. ಆಡಳಿತಕ್ಕೂ ಅದರಲ್ಲಿ ಪಾಠವಿದೆ: ಅಪಾಯ ಮೊದಲು ಕಾಣುವುದು ನೀರಿಗೆ ಬಂದವರಿಗೆ.

ಅದೇ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್ ಆರಂಭದಲ್ಲಿ ಕಲುಷಿತ ನೀರು ಕುಡಿದು ಹಲವರು ಜೀವ ಕಳೆದುಕೊಂಡರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅಮಾನತು, ತನಿಖೆ, ಸಚಿವರ ಭೇಟಿ ಎಲ್ಲವೂ ಆದವು, ಸಾವಿನ ಬೆನ್ನಿಗೆ. ನೀರಿನ ವಾಸನೆ ಕೆಟ್ಟರೆ, ಬಣ್ಣ ತಿರುಗಿದರೆ ಮೊದಲು ತಿಳಿಯುವುದು ಕೊಡ ಹಿಡಿದವರಿಗೆ. ಅವರ ಒಂದು ದೂರು ಅದೇ ದಿನ ವಾಲ್ವ್ ಮುಚ್ಚಿಸುವಷ್ಟು ಬಲ ಪಡೆಯದಿದ್ದರೆ, ಎಷ್ಟು ಸಭೆ ನಡೆಸಿದರೂ ಅದು ನಿಗಾ ಅಲ್ಲ.

ಹಿಂದೆ ಕೆರೆಯ ತೂಬು ನೋಡಿಕೊಳ್ಳಲು ನೀರುಗಂಟಿ, ಊರು ಕಾಯಲು ತಳವಾರ ಇದ್ದರು. ವಂಶಪಾರಂಪರ್ಯದ ಆ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಹುಟ್ಟಿನಿಂದ ಚಾಕರಿ ಹೊರಿಸುವ ಪದ್ಧತಿ ಹೋಗಿದ್ದು ನ್ಯಾಯವೇ. ನೀರುಗಂಟಿ ಎಂಬ ಹೆಸರು ಪಂಚಾಯಿತಿಯಲ್ಲಿ ಇಂದಿಗೂ ಉಳಿದಿದೆ. ಆದರೆ ಈಗ ಅವನ ಮೇಲೆ ನಿಗಾ ಇಡುವ ಕಚೇರಿಗಳೇ ಹೆಚ್ಚು, ಅವನ ಮಾತು ಕೇಳುವವರು ಕಡಿಮೆ.

ಜನರ ನಿಗಾ ಹೇಗಿರುತ್ತದೆಂದು ತಿಳಿಯಲು ಹಿರಿಯೂರಿಗೆ ಹೋಗಬೇಕು. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ. ಮಾರಿಕಣಿವೆ ಎಂದೂ ಕರೆಯುವ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ, 89 ವರ್ಷ ಕಾಯಬೇಕಾಯಿತು. ‘ಎಷ್ಟು ಅಡಿ ಆಯ್ತು?’ ಎಂಬುದು ಇಲ್ಲಿ ಚಹಾದಂಗಡಿಯ ಪ್ರಶ್ನೆ. ಕೆಳಗಿನ ಹಿರಿಯೂರಿಗೆ ಸಂಭ್ರಮ ತಂದ ಅದೇ ಮಟ್ಟ, ಹಿನ್ನೀರಿನ ಹೊಸದುರ್ಗದ ತೋಟದವರಿಗೆ ಆತಂಕ ತಂದಿತು. ಅಳತೆ ಬಹಿರಂಗವಾಗಿದ್ದರಿಂದಲೇ ಇಬ್ಬರಿಗೂ ಮಾತಾಡಲು ಆಧಾರ ಸಿಕ್ಕಿತು.

ಹೊಳಲ್ಕೆರೆ, ಹೊಸದುರ್ಗದ ಗಣಿ ಬೆಟ್ಟಗಳ ಸಂಗತಿ ಬೇರೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಹಿಂದೆಯೇ ಚಿತ್ರದುರ್ಗ, ತುಮಕೂರಿನಲ್ಲೂ ಕಬ್ಬಿಣದ ಅದಿರು ತೆಗೆಯುವುದನ್ನು ನಿಲ್ಲಿಸಿ, ಅದಿರು ಮಾರಾಟಕ್ಕೆ ಉಸ್ತುವಾರಿ ಸಮಿತಿ ನೇಮಿಸಿತು. 2013ರಲ್ಲಿ ಷರತ್ತಿನ ಮೇಲೆ ಗಣಿಗಾರಿಕೆಗೆ ಮತ್ತೆ ಅವಕಾಶ ಕೊಟ್ಟಿತು. 2022ರಲ್ಲಿ ಚಿತ್ರದುರ್ಗ–ತುಮಕೂರಿನ ವಾರ್ಷಿಕ ಮಿತಿ 70 ಲಕ್ಷ ಟನ್‌ನಿಂದ 1.5 ಕೋಟಿ ಟನ್‌ಗೆ ಏರಿತು. ನ್ಯಾಯಾಲಯದ ಆ ಉಸ್ತುವಾರಿ ಇಲ್ಲದಿದ್ದರೆ ಲೂಟಿಗೆ ತಡೆಯೇ ಇರುತ್ತಿರಲಿಲ್ಲ. ಆದರೆ ದೆಹಲಿಯ ಕಣ್ಣು ಅಡಿಕೆ ಗರಿಯ ಮೇಲೆ ಕೂತ ದೂಳನ್ನು ದಿನವೂ ನೋಡಲಾರದು. ಮಿತಿ ಎರಡು ಪಟ್ಟಿಗೂ ಹೆಚ್ಚಾದಾಗ, ನೋಡುವ ಸ್ಥಳೀಯ ಕಣ್ಣುಗಳೂ ಅಷ್ಟೇ ಹೆಚ್ಚಬೇಕಿತ್ತು.

ಹಳ್ಳಿಗರಿಗೆ ತಾಂತ್ರಿಕ ಜ್ಞಾನವಿಲ್ಲ, ಗ್ರಾಮಸಭೆಯನ್ನು ಪ್ರಬಲರು ವಶ ಮಾಡಿಕೊಳ್ಳುತ್ತಾರೆ ಎಂಬ ಆಕ್ಷೇಪವಿದೆ. ಎರಡನೆಯದು ನಿಜ, ಅಂಕಿಅಂಶ ಬಯಲಿಗೆ ಬರಬೇಕಾದುದು ಅದಕ್ಕಾಗಿಯೇ. ಮೊದಲನೆಯದನ್ನು ಸರ್ಕಾರವೇ ಅಲ್ಲಗಳೆದಿದೆ: ಜಲಜೀವನ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಬೇಕೆಂದಿದೆ. ಆ ಪರೀಕ್ಷೆಯ ಫಲಿತಾಂಶ ತಿಂಗಳಿಗೊಮ್ಮೆ ಶಾಲೆಯ ಗೋಡೆಯ ಮೇಲೆ ಬರಲಿ. ಅದಿರು ಲಾರಿಗಳ ಸಂಖ್ಯೆ, ದೂಳಿನ ಪ್ರಮಾಣ ಪಂಚಾಯಿತಿ ಫಲಕದಲ್ಲಿರಲಿ. ಗ್ರಾಮಸಭೆಯ ದೂರಿಗೆ ನಿಗದಿತ ದಿನದೊಳಗೆ ಲಿಖಿತ ಉತ್ತರ ಸಿಗಲಿ, ಉತ್ತರಿಸಿದವರ ಹೆಸರಿನೊಂದಿಗೆ.

ಆದೇಶಕ್ಕಾಗಿ ನಾವೂ ಕೂತಿರಬೇಕಿಲ್ಲ. ಮುಂದಿನ ಗ್ರಾಮಸಭೆಗೆ, ವಾರ್ಡ್ ಸಭೆಗೆ ಹೋಗಿ. ನಮ್ಮ ಬೀದಿಯ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವ ದಿನ, ಏನು ಕಂಡುಬಂತು ಎಂದು ಕೇಳಿ. ಬಂದ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಮರಳಿ.