ನೌಕರಿಯನ್ನರಸುವವರ ಮಾಹಿತಿ ಮತ್ತು ಮಾನ: ನಂದೇಶ್ವರ, ಅಕ್ಕಲಕೋಟೆ, ಸೊಲ್ಲಾಪುರ ಸೀಮೆಯ ಕನ್ನಡಿಗರಲ್ಲಿ ವಿಜ್ಞಾಪನೆ



ಮಳೆಯನ್ನೇ ನಂಬಿದ ಜೋಳದ ಹೊಲವು ಮನೆಮಂದಿಗೆಲ್ಲ ಅನ್ನವನ್ನೀಯಲಾರದಾದಾಗ ನಮ್ಮ ತರುಣರು ಸೊಲ್ಲಾಪುರದ ಟವೆಲ್ ಕಾರಖಾನೆಗಳಿಗೋ ಪುಣೆಯ ಕಂಪನಿಗಳಿಗೋ ನೌಕರಿಯನ್ನರಸಿ ಹೋಗುವುದು ಹೊಸ ಸಂಗತಿಯಲ್ಲ. ಆದರೆ ಹಿಂದೆ ಮಾಲಕನು ಎದುರಿಗೆ ನಿಲ್ಲಿಸಿಕೊಂಡು, ಮಾತನಾಡಿಸಿ, ಕೈಯ ಕಸುಬನ್ನು ಕಣ್ಣಾರೆ ಕಂಡು ಮಾಡುತ್ತಿದ್ದ ನಿರ್ಣಯವನ್ನು, ಇಂದು ದೊಡ್ಡ ಕಂಪನಿಗಳಲ್ಲಿ, ಊರು, ಶಾಲೆ, ಹಿಂದಿನ ದುಡಿಮೆ, ಕೆಲವೊಮ್ಮೆ ಫೇಸ್‌ಬುಕ್ಕಿನಲ್ಲಿ ಬರೆದ ಮಾತು, ಇವೆಲ್ಲವನ್ನೂ ಬಿಗ್ ಡೇಟಾ ಎಂಬ ಅಪಾರ ರಾಶಿಯಲ್ಲಿ ಕೂಡಿಟ್ಟು ತೂಗುವ ಗಣಕಯಂತ್ರವು ಅರ್ಜಿದಾರನ ಮುಖವನ್ನೂ ಕಾಣದೆ ಮಾಡತೊಡಗಿದೆ.

ಯಂತ್ರಕ್ಕೆ ಪಕ್ಷಪಾತವಿಲ್ಲವೆಂಬುದು ಭ್ರಮೆ. ಅಮೆಝಾನ್ ಕಂಪನಿಯು 2014ರಿಂದ ಸಿದ್ಧಪಡಿಸಿದ ಆಯ್ಕೆಯ ಯಂತ್ರವು, ಹಿಂದಿನ ಹತ್ತು ವರ್ಷಗಳ ಅರ್ಜಿಗಳಲ್ಲಿ ಗಂಡಸರವೇ ಅಧಿಕವಾಗಿದ್ದುದರಿಂದ, ಹೆಂಗಸರ ಅರ್ಜಿಗಳನ್ನು ಕೀಳಾಗಿ ಎಣಿಸಲು ಕಲಿತಿತ್ತೆಂಬುದೂ ಕಂಪನಿಯು ಅದನ್ನು ಕೈಬಿಟ್ಟಿತೆಂಬುದೂ 2018ರಲ್ಲಿ ಬಯಲಾಯಿತು. ಬೀಡಿ ಕಟ್ಟಿ ಮಗಳನ್ನು ಓದಿಸಿದ ಸೊಲ್ಲಾಪುರದ ತಾಯಿಗೆ, ಮಗಳ ಅರ್ಜಿಯು ಏತಕ್ಕೆ ತಿರಸ್ಕೃತವಾಯಿತೆಂದು ಹೇಳತಕ್ಕವರು ಯಾರು?

ಮನುಷ್ಯನಿಗಿಂತ ಮೊದಲೇ ಅವನ ದಾಖಲೆಯು ಹೋಗಿ ತೀರ್ಪನ್ನು ಬರೆಸುವುದರ ಕ್ರೌರ್ಯವನ್ನು ಸೊಲ್ಲಾಪುರವು ಚೆನ್ನಾಗಿ ಬಲ್ಲದು. 1871ರಲ್ಲಿ ಮೊದಲು ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಬಲದಿಂದ, ಹುಟ್ಟಿನ ಕಾರಣಕ್ಕಾಗಿಯೇ ಅಪರಾಧಿಗಳೆಂದು ದಾಖಲಾದ ಕುಟುಂಬಗಳನ್ನು ಆಂಗ್ಲ ಸರಕಾರವು ಇಲ್ಲಿಯ ಸೆಟ್ಲಮೆಂಟಿನ ತಂತಿಬೇಲಿಯೊಳಗಿರಿಸಿ, ಹಾಜರಿ ಹಿಡಿದು, ಗಿರಣಿಗಳ ದುಡಿಮೆಗೆ ಕಳುಹಿಸುತ್ತಿತ್ತು. ಸ್ವತಂತ್ರ ಭಾರತವು ಆ ಕಾಯಿದೆಯನ್ನು 1952ರ ಆಗಸ್ಟ್ 31ರಂದು ತೊಡೆದುಹಾಕಿತು. ಅದರ ನ್ಯಾಯವು ಬೇರೊಂದು ವೇಷದಲ್ಲಿ ಮರಳಿ ಬರಲು ನಾವು ಅವಕಾಶವೀಯಕೂಡದು.

ಇದಕ್ಕೆ ಕಾನೂನಿನ ಆಸರೆಯೂ ಕೊಂಚ ಉಂಟು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. ತರುವಾಯ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಒಪ್ಪಿಗೆ ಕೇಳುವವರ ಸೂಚನಾಪತ್ರವು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ, ಅಂದರೆ ಕನ್ನಡದಲ್ಲಿಯೂ, ದೊರೆಯಬೇಕೆಂದು ವಿಧಿಸಿದೆ. ಆದರೂ ಅದೇ ಕಾಯಿದೆಯು ಉದ್ಯೋಗದ ಉದ್ದೇಶಗಳಿಗಾಗಿ ಒಪ್ಪಿಗೆಯಿಲ್ಲದೆಯೇ ಮಾಹಿತಿಯನ್ನು ಬಳಸಲು ಮಾಲಕರಿಗೆ ಎಡೆಗೊಟ್ಟಿದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ, ಕೇವಲ ಯಂತ್ರದ ತೀರ್ಪಿಗೆ ಒಳಗಾಗದಿರುವ ಹಕ್ಕನ್ನಂತೂ ಅದು ನಮಗೆ ಕೊಟ್ಟೇ ಇಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಇವು:

1. ಉದ್ಯೋಗದ ಹೆಸರಿನ ಆ ವಿನಾಯಿತಿಯು ಇನ್ನೂ ನೌಕರಿ ದೊರೆಯದ ಅರ್ಜಿದಾರರಿಗೆ ಅನ್ವಯಿಸಕೂಡದು.
2. ಮನುಷ್ಯನೊಬ್ಬನು ಓದಿ ನೋಡದೆ ಯಾವ ಅರ್ಜಿಯೂ ತಿರಸ್ಕೃತವಾಗಕೂಡದು. ಕೇಳಿದವರಿಗೆ ಕಾರಣವನ್ನು ತಿಳಿಸತಕ್ಕದ್ದು.
3. ನೌಕರಿ ದೊರೆಯದವರ ಮಾಹಿತಿಯನ್ನು ಗೊತ್ತಾದ ಅವಧಿಯೊಳಗೆ ಅಳಿಸತಕ್ಕದ್ದು; ಅದನ್ನು ಮತ್ತೊಬ್ಬರಿಗೆ ಮಾರಕೂಡದು.

ತರುಣ ಮಿತ್ರರೇ, ನೌಕರಿಯು ನಿಶ್ಚಯವಾಗುವ ಮೊದಲೇ ಆಧಾರ್ ಸಂಖ್ಯೆಯನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಕೇಳಿದವರಿಗೆಲ್ಲ ಕೊಡಬೇಡಿರಿ. ಏತಕ್ಕೆ ಬೇಕು, ಎಷ್ಟು ಕಾಲ ಇಟ್ಟುಕೊಳ್ಳುವಿರಿ ಎಂದು ಕನ್ನಡದಲ್ಲಿಯೇ ಕೇಳಿರಿ. ಹಿರಿಯರೇ, ಈ ಬೇಡಿಕೆಗಳನ್ನು ಗ್ರಾಮಸಭೆಯಲ್ಲಿ ಠರಾವಾಗಿ ಮಂಡಿಸಿ, ನಮ್ಮ ಲೋಕಸಭಾ ಸದಸ್ಯರಿಗೆ ಕಳುಹಿಸಿರಿ. ಈ ಪತ್ರವನ್ನು ಓದಿರಿ. ಓದಲಾರದವರಿಗೆ ಓದಿ ಹೇಳಿರಿ.