ಯಾವ ಪೆಟ್ರೋಲು? ಯಾರ ಆಯ್ಕೆ?

ಪೆಟ್ರೋಲ್ ಬಂಕಿನಲ್ಲಿ ‘ಸಾದಾ ಬೇಕೋ, ಪ್ರೀಮಿಯಂ ಬೇಕೋ’ ಎಂದು ಕೇಳುತ್ತಾರೆ. ಬೆಲೆ ಹೆಚ್ಚಾದದ್ದು ಎಂಜಿನ್ನಿಗೂ ಹೆಚ್ಚು ಹಿತವೆಂದು ನಂಬಿ, ದಿನದ ಸಂಪಾದನೆಯಿಂದ ನಾಲ್ಕು ಕಾಸು ಹೆಚ್ಚಿಗೆ ತೆರುವ ಆಟೋದವರು, ಮೊಪೆಡ್ಡಿನಲ್ಲಿ ಗಿರಣಿಯ ಪಾಳಿಗೆ ಹೋಗುವ ಕಾರ್ಮಿಕರು, ಹಳೆಯ ಕಾರಿನಲ್ಲಿ ಸಂತೆಗೆ ಬಟ್ಟೆಯ ಗಂಟು ಸಾಗಿಸುವ ವ್ಯಾಪಾರಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಈ ನಂಬಿಕೆ ತಾನಾಗಿ ಹುಟ್ಟಿದ್ದಲ್ಲ. ಜಾಹೀರಾತಿನ ಹಣ ಸುರಿದು ಬೆಳೆಸಿದ್ದು. ಇದನ್ನು ಬೇರುಸಹಿತ ಕೀಳಬೇಕಾಗಿದೆ.

ಆಕ್ಟೇನ್ ಅಂಕವೆಂಬುದು ಶಕ್ತಿಯ ಅಳತೆಯಲ್ಲ. ಸಿಲಿಂಡರಿನ ಒತ್ತಡದಲ್ಲಿ ಸಿಕ್ಕ ಪೆಟ್ರೋಲು, ಪ್ಲಗ್ಗಿನ ಕಿಡಿ ಹೊತ್ತಿಸಿದ ಉರಿ ತನ್ನನ್ನು ತಲುಪುವ ಮುನ್ನವೇ ಸಿಡಿಯದೆ ತಾಳಿಕೊಳ್ಳುವ ಗುಣದ ಅಳತೆ ಅದು. ತಾಳದೆ ಸಿಡಿದರೆ ಎಂಜಿನ್ನು ಕಟಕಟನೆ ಬಡಿಯುತ್ತದೆ. ಬಡಿತ ಹೆಚ್ಚಿದರೆ ಪಿಸ್ಟನ್ನು ಹಾಳಾಗುತ್ತದೆ. ಹೆಚ್ಚಿನ ಒತ್ತಡದ ಎಂಜಿನ್ನುಗಳಿಗೆ ಹೆಚ್ಚಿನ ಅಂಕ ಬೇಕು, ನಿಜ. ಆದರೆ 91 ಸಾಕೆಂದು ಕೈಪಿಡಿಯಲ್ಲಿ ಬರೆದಿರುವ ಗಾಡಿಗೆ 100 ಅಂಕದ ಪೆಟ್ರೋಲು ಸುರಿದರೆ ಅದು ಕುದುರೆಯಾಗುವುದಿಲ್ಲ. ಕಿಸೆ ಹಗುರವಾಗುತ್ತದೆ, ಅಷ್ಟೆ. ಕೈಪಿಡಿ ಹೇಳಿದ್ದನ್ನು ಹಾಕಿಸಿ, ಮಿಕ್ಕ ದುಡ್ಡಿಗೆ ಮಕ್ಕಳಿಗೆ ಹಾಲು ಕೊಳ್ಳಿ ಎಂಬುದೇ ನಮ್ಮ ಸಲಹೆ.

ಇನ್ನೂ ಒಂದು ಮಾತು. ಮೊದಲು 91 ಇದ್ದ ಸಾದಾ ಪೆಟ್ರೋಲಿನ ಅಂಕ, ಶೇ. 20 ಎಥನಾಲ್ ಬೆರೆಸಿದ್ದರಿಂದ 95ಕ್ಕೆ ಏರಿತೆಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಸಾರಿತು. ಹಾಗಾದರೆ 95ರ ಹೆಸರು ಹೇಳಿ ಹೆಚ್ಚಿನ ಬೆಲೆ ಕೇಳುವುದು ಯಾವುದಕ್ಕೆ? ಅದರಲ್ಲಿ ಎಂಜಿನ್ ಶುಚಿ ಮಾಡುವ ದ್ರವ್ಯವಿದೆಯೆಂದರೆ, ಆ ದ್ರವ್ಯದ ಬೆಲೆಯೆಷ್ಟೆಂದು ಲೆಕ್ಕ ಕೊಡಲಿ.

ಇಷ್ಟು ಆಯ್ಕೆಯಿರುವವರ ಮಾತಾಯಿತು. ಆಯ್ಕೆಯೇ ಇಲ್ಲದವರ ಗತಿ?

2023ರ ಫೆಬ್ರುವರಿಯಲ್ಲಿ ಪ್ರಧಾನಿಗಳು ನಮ್ಮ ಬೆಂಗಳೂರಿನಲ್ಲೇ ಈ ‘ಇ-20’ ಪೆಟ್ರೋಲಿಗೆ ಚಾಲನೆ ಕೊಟ್ಟರು. 2030ಕ್ಕೆಂದು ಇಟ್ಟಿದ್ದ ಗುರಿಯನ್ನು ಐದು ವರ್ಷ ಹಿಂದಕ್ಕೆಳೆದು, 2025ರಲ್ಲಿ ಮುಟ್ಟಿಸಿದರು. ಎಥನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ. ಅಂಕ ಏರಿತು, ಓಟ ಇಳಿಯಿತು! ಇದು ವಿರೋಧಿಗಳ ಕಟ್ಟುಕಥೆಯಲ್ಲ. ಹಳೆಯ ಮಾದರಿಯ ಕಾರುಗಳಲ್ಲಿ ಶೇ. 6ರಿಂದ 7, ದ್ವಿಚಕ್ರಗಳಲ್ಲಿ ಶೇ. 3ರಿಂದ 4 ಮೈಲೇಜು ಕುಗ್ಗುವುದೆಂದು 2021ರಲ್ಲಿ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. ಆ ನಷ್ಟ ತುಂಬಲು ಬೆರಕೆ ಪೆಟ್ರೋಲಿನ ಬೆಲೆ ಕಡಿಮೆಯಿರಬೇಕೆಂದೂ ಹೇಳಿತ್ತು. ಬೆರೆಸುವ ಮಾತನ್ನು ಪಾಲಿಸಿದರು; ಬೆಲೆಯ ಮಾತನ್ನು ಮರೆತರು.

ಶೇ. 4 ಎಂದರೆ ಮಹನೀಯರಿಗೆ ಅಲ್ಪವಿರಬಹುದು. ತಿಂಗಳಿಗೆ 30 ಲೀಟರು ಸುಡುವವನಿಗೆ, ಲೀಟರಿಗೆ ನೂರು ರೂಪಾಯಿಯಂತೆ ಹಿಡಿದರೂ, ತಿಂಗಳಿಗೆ ಸುಮಾರು 120 ರೂ., ವರ್ಷಕ್ಕೆ 1,400 ರೂ. ಮೀರಿದ ನಷ್ಟ. ಜೊತೆಗೆ, ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾದೀತು, ಖರ್ಚು ಹೆಚ್ಚಲ್ಲ ಎಂದು ಸಚಿವಾಲಯ ಸಮಾಧಾನ ಹೇಳಿತು. ಹೆಚ್ಚಲ್ಲದಿದ್ದರೆ ಸರ್ಕಾರವೇ ಏಕೆ ಕೊಡಬಾರದು? ಧನಿಕ ಹೊಸ ಗಾಡಿ ಕೊಳ್ಳುತ್ತಾನೆ. ಹಳೆಯದನ್ನೇ ತಿಕ್ಕಿ ತೊಳೆದು ಓಡಿಸುವ ಬಡವ ದಂಡ ತೆರುತ್ತಾನೆ.

ಇದೆಲ್ಲ ರೈತನ ಹಿತಕ್ಕೆ ಎನ್ನುತ್ತಾರೆ. ಹೊರದೇಶದ ಎಣ್ಣೆಗೆ ಸುರಿಯುವ ಹಣ ನಮ್ಮ ಹೊಲಕ್ಕೆ ಬರುವುದಾದರೆ ನಾವು ಮೊದಲು ಸ್ವಾಗತಿಸುವವರು. ಆದರೆ 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ, ಟನ್ನು ಕಬ್ಬಿಗೆ 3,500 ರೂ. ಬೇಕೆಂದು ರಸ್ತೆಗಿಳಿದು ಕುಳಿತವರು ಯಾರು? ಎಥನಾಲ್ ಕಾರ್ಖಾನೆಗಳ ಧಣಿಗಳೇ? ಬಳಸುವವನಿಗೂ ಲಾಭವಿಲ್ಲ, ಬೆಳೆಯುವವನೂ ಬೀದಿಯಲ್ಲಿ. ನಡುವೆ ಕೊಬ್ಬಿದವರು ಯಾರೆಂದು ಜನತೆ ಕೇಳಲೇಬೇಕು.

ಆಕ್ಟೇನಿನ ಹೆಸರಿನಲ್ಲಿ ಜನರನ್ನು ಕೇಳದೆ ಬೆರೆಸುವ ಚಾಳಿ ಹೊಸದಲ್ಲ. ಸೀಸದ ಸಂಯುಕ್ತ ಬೆರೆಸಿದರೆ ಬಡಿತ ನಿಲ್ಲುವುದೆಂದು 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಕಂಡುಹಿಡಿದ. ಜಗತ್ತೆಲ್ಲ ಆ ವಿಷದ ಹೊಗೆ ಉಸಿರಾಡಿತು. ನಮ್ಮ ದೇಶದ ಪೆಟ್ರೋಲಿನಿಂದ ಸೀಸ ತೊಲಗಲು 2000ದವರೆಗೆ ಕಾಯಬೇಕಾಯಿತು. ಎಥನಾಲು ಸೀಸದಂಥ ವಿಷವಲ್ಲ, ಒಪ್ಪುತ್ತೇವೆ. ಒಪ್ಪಲಾರದ್ದು ಆ ಚಾಳಿಯನ್ನು.

ಎಥನಾಲ್ ಬೆರೆಸದ ಪೆಟ್ರೋಲೂ ಸಿಗಲಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು. ಕೋರ್ಟಿನ ಬಾಗಿಲು ಮುಚ್ಚಿದರೆ ಬೀದಿಯ ಬಾಗಿಲು ಮುಚ್ಚುವುದಿಲ್ಲ. ಪೊಟ್ಟಣದ ಮೇಲೆ ಒಳಗಿರುವುದೇನೆಂದು ಬರೆಯದಿದ್ದರೆ ಸಣ್ಣ ಅಂಗಡಿಯವನಿಗೆ ದಂಡ ಹಾಕುವ ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ ಮೂರೇ: ಪ್ರತಿ ಬಂಕಿನ ಪ್ರತಿ ಪಂಪಿನ ಮೇಲೂ ಎಥನಾಲಿನ ಪ್ರಮಾಣ ಮತ್ತು ಆಕ್ಟೇನ್ ಅಂಕವನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯಿರಿ. ಹಳೆಯ ವಾಹನಗಳಿಗೆ ಶೇ. 10ರ ಬೆರಕೆಯನ್ನು ಒದಗಿಸಿರಿ. ಶಕ್ತಿ ಕುಗ್ಗಿದಷ್ಟು ಬೆಲೆಯನ್ನೂ ಇಳಿಸಿರಿ.

ಗಿರಣಿಯ ಸಂಘಗಳೂ ವರ್ತಕರ ಸಂಘಗಳೂ ಈ ಮೂರು ಮಾತುಗಳನ್ನು ಠರಾವು ಮಾಡಿ ಜಿಲ್ಲಾಧಿಕಾರಿಗಳಿಗೆ ಒಪ್ಪಿಸಲಿ. ಕಾಸು ನಮ್ಮದು; ಕೊಳ್ಳುವುದು ಏನೆಂದು ತಿಳಿಯುವ ಹಕ್ಕೂ ನಮ್ಮದು.