“ಹೋಗುತ್ತೇನೆ” ಅಂತ ಯಾರ್ರೀ ಅಂತಾರೆ?

ಮೊದಲೇ ಹೇಳಿಬಿಡ್ತೀನಿ. ಹತ್ತು ವರ್ಷ ಬೆಂಗಳೂರಲ್ಲಿದ್ದೂ “ಕನ್ನಡ ಯಾಕೆ ಕಲೀಬೇಕು?” ಅಂತ ಕೇಳೋರ ಬಗ್ಗೆ ಈ ಬರಹ ಅಲ್ಲ. ಅವರ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಬೈದಾಗಿದೆ. ನಾನು ಬರೀತಿರೋದು ಕಲಿಯೋ ಮನಸ್ಸಿದ್ದು, ಆರು ತಿಂಗಳು ಒದ್ದಾಡಿ, ಕೊನೆಗೆ “ಕನ್ನಡ ಗೊತ್ತಿಲ್ಲ” ಅನ್ನೋ ಒಂದೇ ವಾಕ್ಯಕ್ಕೆ ವಾಪಸ್ ಬಂದು ನಿಲ್ಲೋರ ಬಗ್ಗೆ. ಅವರನ್ನು ಅಲ್ಲಿಗೆ ತಂದು ನಿಲ್ಲಿಸಿರೋದು ನಾವು, ಕನ್ನಡಿಗರೇ ಅನ್ನೋದು ನನ್ನ ವಾದ. ಕೋಪ ಬಂದ್ರೆ ಬರಲಿ, ಪೂರ್ತಿ ಓದಿ ಆಮೇಲೆ ಬೈರಿ.

ನಮ್ಮ ಹನುಮಂತನಗರದ ಕಡೆ ಬಂದು ನೋಡಿ. 50 ಅಡಿ ರಸ್ತೆಯ ಅಕ್ಕಪಕ್ಕ, ಶ್ರೀನಗರದ ಕಡೆ, ಬುಲ್ ಟೆಂಪಲ್ ರೋಡಿನ ಸುತ್ತ ಎಷ್ಟೊಂದು ಪೀಜಿಗಳು. ಪಾಟ್ನಾ, ರಾಯ್‌ಪುರ, ಕೊಚ್ಚಿ, ಗುಂಟೂರಿನಿಂದ ಬಂದ ಹುಡುಗ ಹುಡುಗಿಯರು. ಅವರಲ್ಲಿ ಕೆಲವರ ಮೊಬೈಲಲ್ಲಿ ಕನ್ನಡ ಕಲಿಸೋ ಆ್ಯಪ್ ಇದೆ, ಕೆಲವರ ಚೀಲದಲ್ಲಿ “ಮೂವತ್ತು ದಿನದಲ್ಲಿ ಕನ್ನಡ” ಥರದ ಪುಸ್ತಕ ಇದೆ. ಅದರಲ್ಲಿ ಏನಿದೆ? “ನಾನು ಮನೆಗೆ ಹೋಗುತ್ತೇನೆ.” “ನೀವು ಏನು ಮಾಡುತ್ತಿದ್ದೀರಿ?” “ಇದರ ಬೆಲೆ ಎಷ್ಟು?”

ಈಗ ಈ ಹುಡುಗ ಸೊಪ್ಪಿನ ಗಾಡಿ ಹತ್ತಿರ ಹೋಗಿ “ಇದರ ಬೆಲೆ ಎಷ್ಟು?” ಅಂತ ಕೇಳ್ತಾನೆ ಅಂತಿಟ್ಕೊಳ್ಳಿ. ಉತ್ತರ ಬರತ್ತೆ: “ಕಟ್ಟು ಇಪ್ಪತ್ತು, ಎರಡ್ ತಗೊಂಡ್ರೆ ಮೂವತ್ತೈದಕ್ಕೆ ಹಾಕ್ಕೊಡ್ತೀನಿ, ತಗೊಳಣ್ಣಾ.” ‘ಹಾಕ್ಕೊಡ್ತೀನಿ’ ಅನ್ನೋದು ಅವನ ಪುಸ್ತಕದ ಯಾವ ಪುಟದಲ್ಲಿದೆ? ‘ಹಾಕಿ ಕೊಡುತ್ತೇನೆ’ ಅಂತ ಬಿಡಿಸಿ ಹೇಳೋರು ಯಾರು? ಅವನ ಪಕ್ಕ ನಿಂತ ಅಜ್ಜಿ ಬೆಲೆ ಅನ್ನೋ ಮಾತೇ ಎತ್ತಲ್ಲ, “ಮೆಂತ್ಯ ಹೆಂಗೆ?” ಅಂತಾರೆ ಅಷ್ಟೇ. ಅವನಿಗೆ ‘ಹೇಗೆ’ ಗೊತ್ತು, ಆದ್ರೆ ಮೆಂತ್ಯ ಹೇಗಿದೆ ಅಂತ ಯಾಕೆ ಕೇಳ್ತಿದಾರೆ ಅಂತ ತಲೆ ಕೆರ್ಕೋತಾನೆ. ಅಂದ್ರೆ ಮೂವತ್ತು ದಿನ ಅವನು ಕಲಿತದ್ದು ಯಾರೂ ಮಾತಾಡದ ಒಂದು ಭಾಷೆ. ನಿಮ್ಮ ಮನೇಲಿ ಯಾರಾದ್ರೂ “ಅಮ್ಮಾ, ನಾನು ಆಫೀಸಿಗೆ ಹೋಗುತ್ತೇನೆ” ಅಂದ್ರೆ, ಜ್ವರ ಬಂದಿದ್ಯಾ ಅಂತ ಹಣೆ ಮುಟ್ಟಿ ನೋಡ್ತಾರೆ. ಹೋಗ್ಲಿ, ಹೊರಡುವಾಗ ನಾವು ‘ಹೋಗ್ತೀನಿ’ ಅಂತಲೂ ಅನ್ನಲ್ಲ, ‘ಬರ್ತೀನಿ’ ಅಂತೀವಿ. ಇದನ್ನು ಯಾವ ಪುಸ್ತಕ ಹೇಳಿಕೊಡತ್ತೆ?

“ಆಡುಮಾತಿಗೆ ನಿಯಮ ಇಲ್ಲ, ಅದನ್ನ ಕಲಿಸೋದು ಹೆಂಗೆ?” ಅಂತ ಕೇಳ್ತಾರೆ. ನಿಯಮ ಇಲ್ಲ ಅಂದೋರು ಯಾರು? ಮಾಡುತ್ತಾರೆ – ಮಾಡ್ತಾರೆ. ನೋಡುತ್ತಾರೆ – ನೋಡ್ತಾರೆ. ಹೇಳುತ್ತಾರೆ – ಹೇಳ್ತಾರೆ. ನಡುವಿನ ಉಕಾರ ಬಿದ್ದುಹೋಗತ್ತೆ, ಅಷ್ಟೇ. ಮನೆಯಲ್ಲಿ – ಮನೇಲಿ. ಅಂಗಡಿಯಲ್ಲಿ – ಅಂಗಡೀಲಿ. ಬರುವುದಿಲ್ಲ – ಬರಲ್ಲ, ತಿನ್ನುವುದಿಲ್ಲ – ತಿನ್ನಲ್ಲ. ಅರ್ಧ ಗಂಟೇಲಿ ಹೇಳಿಕೊಡಬಹುದಾದ ನಾಲ್ಕು ಸೂತ್ರ ಇವು. ಇವು ಗೊತ್ತಾದ್ರೆ ಬಿಎಂಟಿಸಿ ಬಸ್ಸಲ್ಲಿ ಕಿವಿಗೆ ಬೀಳೋ ಮಾತಿಗೂ ಪುಸ್ತಕದ ಕನ್ನಡಕ್ಕೂ ಸೇತುವೆ ಸಿಗತ್ತೆ.

ನಾಚಿಕೆಯ ವಿಷಯ ಏನು ಗೊತ್ತಾ? ಆಡುಗನ್ನಡಕ್ಕೆ ಅದರದ್ದೇ ವ್ಯಾಕರಣ ಇದೆ ಅಂತ ಕೂತು ಬರೆದು ತೋರಿಸಿದವರಲ್ಲಿ ಪರದೇಶದೋರೂ ಇದ್ದಾರೆ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ 1958ರಲ್ಲೇ ಆಡುಗನ್ನಡದ ರೂಪರೇಖೆಯನ್ನು ಪುಸ್ತಕ ಮಾಡಿದರು, ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿತು. ಹೆರಾಲ್ಡ್ ಶಿಫ್‌ಮನ್ ಅವರ ಆಡುಗನ್ನಡದ ವ್ಯಾಕರಣ 1983ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಬಂತು. ನಮ್ಮಲ್ಲೇ ಡಿ.ಎನ್. ಶಂಕರ ಭಟ್ಟರು “ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ” ಅಂತ ಪುಸ್ತಕವನ್ನೇ ಬರೆದಾಗ ನಾವು ಮಾಡಿದ್ದೇನು? ಮಹಾಪ್ರಾಣ ಬೇಕಾ ಬೇಡ್ವಾ ಅಂತ ಜಗಳಕ್ಕೆ ನಿಂತ್ವಿ. ಹೊರಗಿಂದ ಬಂದೋರಿಗೆ ಯಾವ ಕನ್ನಡ ಕೊಡಬೇಕು ಅನ್ನೋ ಪ್ರಶ್ನೆ ಆ ಗಲಾಟೇಲಿ ಎಲ್ಲೋ ಕಳೆದುಹೋಯ್ತು.

ದೂರದ ಜಮೈಕಾ ನೋಡಿ. ಅಲ್ಲಿ ಆಡಳಿತದ ಭಾಷೆ ಇಂಗ್ಲಿಷು, ಜನರ ಬಾಯಲ್ಲಿರೋದು ಪಟ್ವಾ. ಕೆಟ್ಟ ಇಂಗ್ಲಿಷು ಅಂತ ಆ ಮಾತನ್ನು ಹೀಗಳೆದೋರು ಅಲ್ಲೂ ಇದ್ದರು, ಈಗಲೂ ಇದ್ದಾರೆ. ಆದ್ರೂ 1967ರಲ್ಲಿ ಆ ನಾಡಿನ ಮಾತಿಗೆ ಕೇಂಬ್ರಿಡ್ಜಿನಿಂದ ನಿಘಂಟು ಬಂತು, 2012ರಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆ ಪಟ್ವಾದಲ್ಲೇ ಅಚ್ಚಾಯಿತು. ರೆಗ್ಗೆ ಹಾಡಿನ ಹುಚ್ಚು ಹಿಡಿದು ಆ ಮಾತನ್ನು ಕಲೀತೀನಿ ಅಂತ ಹೋದವನಿಗೆ ಯಾರೂ ಗ್ರಾಂಥಿಕ ಇಂಗ್ಲಿಷ್ ಕೊಟ್ಟು ಕಳಿಸಲ್ಲ. ಅವನಿಗೆ ಬೇಕಾಗಿರೋದು ಬೀದಿಯ ಮಾತು. ನಮ್ಮ ಊರಿಗೆ ಬಂದವನಿಗೂ ಬೇಕಾಗಿರೋದು ಅದೇ.

ತಪ್ಪು ಪುಸ್ತಕ ಒಂದು ಕಡೆಯಾದ್ರೆ, ನಮ್ಮ ನಡವಳಿಕೆ ಇನ್ನೊಂದು ಕಡೆ. ಆ ಹುಡುಗಿ ಧೈರ್ಯ ಮಾಡಿ “ಭಯ್ಯಾ... ಅಲ್ಲ... ಅಣ್ಣಾ, ಗಾಂಧಿ ಬಜಾರ್ ಬರ್ತೀರಾ?” ಅಂತ ಆಟೋದೋರನ್ನ ಕೇಳ್ತಾಳೆ. ಉತ್ತರ ಹಿಂದೀಲಿ ಬರತ್ತೆ. ಹೋಟೆಲಲ್ಲಿ “ಒಂದು ಖಾಲಿ ದೋಸೆ ಕೊಡಿ” ಅಂದ್ರೆ ಮಾಣಿ ಇಂಗ್ಲಿಷಲ್ಲಿ ಚಟ್ನಿ ವಿಚಾರಿಸ್ತಾನೆ. ಆಫೀಸಲ್ಲಿ ಎಂಟು ಜನ ಕನ್ನಡದೋರ ನಡುವೆ ಅವಳೊಬ್ಬಳು ಕೂತರೆ ಎಂಟೂ ಜನ ಹಿಂದಿಗೆ ಬದಲಾಗ್ತೀವಿ. “ಬೆಂಗಳೂರಿನೋರಿಗೆ ಐದು ಭಾಷೆ ಬರತ್ತೆ” ಅಂತ ನಾವು ಎದೆ ತಟ್ಕೋತೀವಲ್ಲ, ಕಲಿಯೋರ ಕಾಲಿಗೆ ತೊಡಕಾಗಿರೋದು ಆ ಹೆಮ್ಮೆಯೇ. ನಮ್ಮ ಹಿಂದಿ ತೋರಿಸೋ ಚಪಲಕ್ಕೆ ಅವರ ಕನ್ನಡದ ಸರದಿ ಬರೋದೇ ಇಲ್ಲ.

ಇದನ್ನ ಔದಾರ್ಯ ಅಂತ ಕರೀಬೇಡಿ. ನನಗೆ ಇದು ಅಸಹನೆ ಅನ್ಸತ್ತೆ. ಎದುರಿನೋರು ಒಂದು ವಾಕ್ಯ ಕೂಡಿಸೋಕೆ ಹತ್ತು ಸೆಕೆಂಡ್ ತಗೊಂಡ್ರೆ ಕಾಯೋ ತಾಳ್ಮೆ ನಮಗಿಲ್ಲ.

ಆಮೇಲೆ ನಗು. “ಬಸ್ಸು ಬಂದ” ಅಂದಳು ಅಂತ ವಾರಗಟ್ಟಲೆ ಮಿಮಿಕ್ರಿ ಮಾಡ್ತೀವಿ. ಸ್ವಾಮಿ, ನಮ್ಮ ಹಿಂದೀಲಿ ಬಸ್ಸು ಗಂಡೋ ಹೆಣ್ಣೋ ಅನ್ನೋದು ಇವತ್ತಿಗೂ ತೀರ್ಮಾನ ಆಗಿಲ್ಲ! ಇನ್ನು ಹೊಸಬ ಬಂದ ಮೊದಲ ವಾರವೇ ಬೈಗುಳ ಕಲಿಸಿ, ಅದನ್ನ ಮ್ಯಾನೇಜರ್ ಮುಂದೆ ಹೇಳಿಸಿ ಚಪ್ಪಾಳೆ ತಟ್ಟೋ ಪುಂಡಾಟ ಬೇರೆ. ‘ಬಾ’ಗೂ ‘ಬನ್ನಿ’ಗೂ, ‘ಏನೋ’ಗೂ ‘ಏನ್ರೀ’ಗೂ ವ್ಯತ್ಯಾಸ ಹೇಳಿಕೊಡಲ್ಲ. ಅವನು ಹೋಗಿ ಮನೆ ಓನರಿಗೆ “ಬಾರೋ” ಅಂದ್ರೆ ಬೈಸಿಕೊಳ್ಳೋದು ಯಾರು? ಒಂದ್ಸಲ ಹಾಗೆ ಬೈಸಿಕೊಂಡವನು ಮತ್ತೆ ಬಾಯಿ ಬಿಡ್ತಾನಾ?

“ಯಾವ ಊರಿನ ಆಡುಮಾತು ಕಲಿಸೋದು? ಧಾರವಾಡದ್ದಾ, ಕುಂದಾಪುರದ್ದಾ?” ಅನ್ನೋ ಪ್ರಶ್ನೆ ಬರತ್ತೆ. ಯಾವ ಊರಲ್ಲಿ ಇರ್ತಾರೋ ಆ ಊರಿಂದು. ಹುಬ್ಬಳ್ಳಿಗೆ ಹೋದೋರು ‘ಹೊಂಟೀನಿ’ ಅಂತ ಕಲೀಲಿ, ಇಲ್ಲಿಗೆ ಬಂದೋರು ‘ಹೊರಟಿದೀನಿ’ ಅಂತ ಕಲೀಲಿ. “ಬರವಣಿಗೆಯ ಕನ್ನಡದ ಗತಿ ಏನು?” ಅಂದ್ರೆ, ಅದು ಆಮೇಲೆ ಬರತ್ತೆ. ನಿಮ್ಮ ಮಗು ಅಕ್ಷರ ಕಲಿತು ಆಮೇಲೆ ಮಾತಾಡಿತಾ, ಮಾತು ಕಲಿತು ಆಮೇಲೆ ಶಾಲೆಗೆ ಹೋಯ್ತಾ?

ಇನ್ನು “ಆಡುಮಾತು ಅಂದ್ರೆ ಅಶುದ್ಧ” ಅನ್ನೋರಿಗೆ ಒಂದು ಹೆಸರು ನೆನಪಿಸ್ತೀನಿ, ಟಿ.ಪಿ. ಕೈಲಾಸಂ. ಮನೆಮಾತು ತಮಿಳು. ಗ್ರಾಂಥಿಕ ಭಾಷೆ ಮೆರೀತಿದ್ದ ರಂಗಭೂಮಿಗೆ ಬೆಂಗಳೂರಿನ ಬಾಯಿಮಾತನ್ನು ಇಂಗ್ಲಿಷ್ ಬೆರಕೆ ಸಮೇತ ತಂದು ಕೂರಿಸಿದರು. ಒಂದು ನಾಟಕದ ಹೆಸರೇ “ಮಕ್ಕಳಿಸ್ಕೂಲ್ ಮನೇಲಲ್ವೇ”. ಇಲ್ಲೇ ಗವಿಪುರದಲ್ಲಿದ್ದ ಮಾಸ್ತಿಯವರ ಮನೆಮಾತೂ ತಮಿಳೇ, 1983ರ ಜ್ಞಾನಪೀಠ ಅವರ ಕನ್ನಡ ಕಾದಂಬರಿಗೆ ಬಂತು. ಬೇಂದ್ರೆಯವರ ಮನೆಮಾತು ಮರಾಠಿ. ಮನೇಲಿ ಬೇರೆ ಭಾಷೆ ಇದ್ದೋರಿಗೂ ಕನ್ನಡ ಒಲಿದದ್ದು ಬೀದೀಲಿ, ಶಾಲೇಲಿ, ಗೆಳೆಯರ ನಡುವೆ ಅದು ಬಿಟ್ಟೂ ಬಿಡದೆ ಕಿವಿಗೆ ಬೀಳ್ತಿದ್ದರಿಂದ. ಇವತ್ತು ಬಂದೋರ ಕಿವಿಗೆ ನಾವು ಏನು ಹಾಕ್ತಿದೀವಿ?

2011ರ ಜನಗಣತಿಯ ಪ್ರಕಾರ ಬೆಂಗಳೂರು ಜಿಲ್ಲೇಲಿ ಕನ್ನಡ ತಾಯ್ನುಡಿಯಾದೋರು ಅರ್ಧಕ್ಕಿಂತ ಕಡಿಮೆ. ಅಂದ್ರೆ ಈ ಊರಲ್ಲಿ ಕನ್ನಡ ಉಳೀಬೇಕಾದ್ರೆ ಅದು ಬೇರೆ ಮನೆಮಾತಿನೋರ ಬಾಯಲ್ಲೂ ಉಳೀಬೇಕು, ಬೇರೆ ದಾರಿ ಇಲ್ಲ. ಅಂಗಡಿ ಬೋರ್ಡಲ್ಲಿ ಶೇಕಡ 60 ಕನ್ನಡ ಇರಬೇಕು ಅಂತ ಕಾನೂನು ಮಾಡ್ಕೊಂಡಿದೀವಿ, ಒಳ್ಳೇದೇ. ಆದ್ರೆ ಆ ಬೋರ್ಡಿನ ಕೆಳಗೆ ನಿಂತು ಹಿಂದೀಲಿ ಚೌಕಾಸಿ ಮಾಡೋರು ನಾವೇ ಆದ್ರೆ ಬೋರ್ಡು ಏನು ಮಾಡತ್ತೆ?

ಹಾಗಾಗಿ ನಾಳೆಯಿಂದ ಒಂದಷ್ಟು ಕೆಲಸ. ನಿಮ್ಮ ಪಕ್ಕದ ಡೆಸ್ಕಿನೋರು ಕನ್ನಡದಲ್ಲಿ ಶುರು ಮಾಡಿದ್ರೆ ಕನ್ನಡದಲ್ಲೇ ಮುಗಿಸಿ, ಎಷ್ಟೇ ಹೊತ್ತಾಗಲಿ. ತಪ್ಪಾಡಿದ್ರೆ ನಗದೆ ಸರಿಯಾದ ಮಾತನ್ನ ನಿಮ್ಮ ಉತ್ತರದಲ್ಲೇ ಸೇರಿಸಿ ಹೇಳಿ: “ಹೂಂ, ಬಸ್ಸು ಬಂತು, ನಡೀರಿ.” ಬೈಗುಳಕ್ಕೆ ಮುಂಚೆ ‘ಬನ್ನಿ, ಕೂತ್ಕೊಳ್ಳಿ, ಇರ್ಲಿ ಬಿಡಿ’ ಕಲಿಸಿ. ರಾಮಾಂಜನೇಯ ಗುಡ್ಡದ ಹತ್ತಿರ ಕೆ.ಎಚ್. ಕಲಾಸೌಧ ಇದೆ, ಅಲ್ಲಿ ಒಳ್ಳೇ ಹಾಸ್ಯ ನಾಟಕ ಇದ್ದಾಗ ಅವರಿಗೂ ಒಂದು ಟಿಕೆಟ್ ತಗೊಳ್ಳಿ. ಎರಡು ಗಂಟೆ ಬರೀ ಆಡುಗನ್ನಡ ಕೇಳ್ತಾರೆ, ಅರ್ಧ ಅರ್ಥ ಆದ್ರೂ ಆ ಪುಸ್ತಕಕ್ಕಿಂತ ಲಾಭ. ಆಚೆ ಬಂದಮೇಲೆ ಕಾಫಿ ಆರ್ಡರ್ ಮಾಡೋ ಕೆಲಸ ಅವರಿಗೇ ಬಿಟ್ಟು, ದಯವಿಟ್ಟು ನೀವು ಸುಮ್ನಿರಿ.